ಅಂಗವಿಕಲರ ಮಾಸಾಶನ: ಪ್ರಮಾಣಪತ್ರದಿಂದ ಪಾಸ್‌ಬುಕ್‌ವರೆಗೆ

ಹಾವೇರಿ: ಸರ್ಕಾರದ ನೆರವು ಪಡೆಯಲು ಅಂಗವೈಕಲ್ಯ ಇದ್ದರಷ್ಟೇ ಸಾಲದು, ಅದು ಕಾಗದದ ಮೇಲೂ ಇರಬೇಕು. ಕಾಗದದಲ್ಲಿ ನಮೂದಾದ ಶೇಕಡಾವಾರು ಪ್ರಮಾಣ, ಕುಟುಂಬದ ಆದಾಯ, ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಇವು ನಾಲ್ಕೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ಮಾಸಾಶನ ಮನೆ ತಲುಪುತ್ತದೆ. ಒಂದರಲ್ಲಿ ಲೋಪವಿದ್ದರೂ ಅರ್ಹ ವ್ಯಕ್ತಿ ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ನಡೆಯಲಾಗದವರಿಗೆ, ಕಣ್ಣು ಕಾಣದವರಿಗೆ, ಮಗುವನ್ನು ಎತ್ತಿಕೊಂಡೇ ಓಡಾಡಬೇಕಾದ ತಾಯಂದಿರಿಗೆ ಈ ಅಲೆದಾಟವೇ ದೊಡ್ಡ ಶಿಕ್ಷೆ.

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಬಹುಪಾಲು ಕುಟುಂಬಗಳು ಕೃಷಿ ಹಾಗೂ ಕೂಲಿಯನ್ನು ನೆಚ್ಚಿಕೊಂಡಿವೆ. ಮೆಣಸಿನಕಾಯಿ ಮಾರುಕಟ್ಟೆ, ಬೀಜೋತ್ಪಾದನೆ, ಹತ್ತಿ ಹಾಗೂ ಗೋವಿನಜೋಳದ ಹೊಲ ಇವೇ ಇಲ್ಲಿಯ ದುಡಿಮೆಯ ನೆಲೆಗಳು. ಇಂತಹ ಮನೆಗಳಲ್ಲಿ ಒಬ್ಬರು ಅಂಗವಿಕಲರಾಗಿದ್ದರೆ ಅವರ ದುಡಿಮೆಯಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವವರ ದುಡಿಮೆಯೂ ನಿಲ್ಲುತ್ತದೆ. ಆದುದರಿಂದ ಮೊತ್ತ ಚಿಕ್ಕದಾದರೂ ಮಾಸಾಶನದ ಮಹತ್ವ ಚಿಕ್ಕದಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆ ಗಣತಿ ನಡೆದಾಗ ಇಂದಿನ ಕಾಯ್ದೆ ಗುರುತಿಸುವ ಹಲವು ಬಗೆಯ ವೈಕಲ್ಯಗಳು ಪಟ್ಟಿಯಲ್ಲಿಯೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು.

ಕಾಯ್ದೆ ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, ಪಟ್ಟಿಯನ್ನು 21ಕ್ಕೆ ವಿಸ್ತರಿಸಿದೆ. ದೃಷ್ಟಿ, ಶ್ರವಣ ಹಾಗೂ ಚಲನೆಗೆ ಸಂಬಂಧಿಸಿದ ವೈಕಲ್ಯಗಳ ಜೊತೆಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಕುಬ್ಜತೆ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ಹಿಮೊಫೀಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಮತ್ತು ಆಸಿಡ್ ದಾಳಿಯಿಂದ ಉಂಟಾದ ವೈಕಲ್ಯ ಈ ಪಟ್ಟಿಯಲ್ಲಿವೆ. ಕೈಕಾಲು ಸರಿಯಿದ್ದ ಮಾತ್ರಕ್ಕೆ ನೆರವಿಗೆ ಅರ್ಹತೆಯಿಲ್ಲ ಎಂಬ ತಿಳಿವಳಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದು ತಪ್ಪು ಕಲ್ಪನೆ. ದೀರ್ಘಕಾಲದ ಮಾನಸಿಕ ಅಸ್ವಸ್ಥತೆಯೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರನ್ನು ಕಾಯ್ದೆ ವಿಶೇಷ ಸೌಲಭ್ಯಗಳಿಗೆ ಅರ್ಹರೆಂದು ಗುರುತಿಸುತ್ತದೆ. ಸರ್ಕಾರಿ ನೌಕರಿಯಲ್ಲಿ ಶೇ. 4 ಮತ್ತು ಉನ್ನತ ಶಿಕ್ಷಣದಲ್ಲಿ ಶೇ. 5ರ ಮೀಸಲಾತಿಗೂ ಇದೇ ಗಡಿ. ರಾಜ್ಯದ ಮಾಸಾಶನವೂ ಶೇ. 40ರಿಂದಲೇ ಆರಂಭವಾಗುತ್ತದೆ.

ಎಷ್ಟು ಮೊತ್ತ, ಯಾರಿಗೆ?

ಮಾಸಾಶನದ ಹೊಣೆ ಕಂದಾಯ ಇಲಾಖೆಯ ಅಧೀನದಲ್ಲಿರುವ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ್ದು. ಸಾಧನ ಸಲಕರಣೆ, ವಿದ್ಯಾರ್ಥಿವೇತನ ಮೊದಲಾದವು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿವೆ. ಈ ಎರಡು ಇಲಾಖೆಗಳ ನಡುವಿನ ವ್ಯತ್ಯಾಸ ತಿಳಿಯದೆ ಒಂದರ ಅರ್ಜಿಯನ್ನು ಇನ್ನೊಂದರಲ್ಲಿ ವಿಚಾರಿಸುತ್ತ ಕಾಲ ಕಳೆಯುವವರು ಅನೇಕರು.

ಶೇ. 40ರಿಂದ ಶೇ. 74ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ ರೂ. 800 ನಿಗದಿಯಾಗಿದೆ. ಮೊದಲು ರೂ. 600 ಇದ್ದ ಈ ಮೊತ್ತವನ್ನು 2021ರ ಜುಲೈನಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಏರಿಸುವುದಾಗಿ ಅಂದಿನ ಮುಖ್ಯಮಂತ್ರಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ಕ್ಷೇತ್ರದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಪ್ರಕಟಿಸಿದ್ದರು. ಶೇ. 75 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ ರೂ. 1,400 ದೊರೆಯುತ್ತದೆ. ತೀವ್ರ ಸ್ವರೂಪದ ಮನೋವೈಕಲ್ಯಕ್ಕೆ ರೂ. 2,000ದ ಪ್ರತ್ಯೇಕ ದರವಿದೆ. ಆದುದರಿಂದ ಪ್ರಮಾಣಪತ್ರದಲ್ಲಿರುವ ವೈಕಲ್ಯದ ವರ್ಗವನ್ನು ಅರ್ಜಿಯಲ್ಲಿಯೂ ಯಥಾವತ್ತಾಗಿ ನಮೂದಿಸುವುದು ಮುಖ್ಯ. ದರಗಳು ಸರ್ಕಾರಿ ಆದೇಶದ ಮೂಲಕ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ದಿನ ನಾಡಕಚೇರಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳಿತು.

ವಯಸ್ಸಿನ ಅಡ್ಡಿ ರಾಜ್ಯದ ಯೋಜನೆಗಿಲ್ಲ. ಮಗುವಿನ ಹೆಸರಿನಲ್ಲಿಯೂ ಪಾಲಕರು ಅರ್ಜಿ ಸಲ್ಲಿಸಬಹುದು. 18 ತುಂಬಲಿ ಎಂದು ಕಾಯುತ್ತ ಕುಳಿತರೆ ಅಷ್ಟೂ ವರ್ಷಗಳ ನೆರವು ಕೈತಪ್ಪಿದಂತೆ.

ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ 2009ರ ಫೆಬ್ರುವರಿಯಲ್ಲಿ ಆರಂಭವಾಯಿತು. ಬಡತನ ರೇಖೆಗಿಂತ ಕೆಳಗಿರುವ, 18 ದಾಟಿದ, ಶೇ. 80ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಅದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ ರೂ. 300, ಬಳಿಕ ರೂ. 500. ಉಳಿದುದನ್ನು ರಾಜ್ಯ ಭರಿಸುತ್ತದೆ. ಫಲಾನುಭವಿಗೆ ಬರುವುದು ಒಟ್ಟುಗೂಡಿದ ಒಂದೇ ಮೊತ್ತವೇ ಹೊರತು ಕೇಂದ್ರದ್ದೊಂದು, ರಾಜ್ಯದ್ದೊಂದು ಎಂದು ಎರಡು ಮಾಸಾಶನಗಳಲ್ಲ.

ಒಬ್ಬರಿಗೆ ಒಂದೇ ಮಾಸಾಶನ ಎಂಬ ನಿಯಮ ಉಳಿದ ಯೋಜನೆಗಳಿಗೂ ಅನ್ವಯಿಸುತ್ತದೆ. ವಿಧವಾ ವೇತನ ಅಥವಾ ಸಂಧ್ಯಾ ಸುರಕ್ಷಾ ಪಡೆಯುತ್ತಿರುವವರು ಅದರ ಜೊತೆಗೆ ಅಂಗವಿಕಲರ ಮಾಸಾಶನವನ್ನು ಪಡೆಯುವಂತಿಲ್ಲ. ಆದರೆ ಯಾವುದು ಹೆಚ್ಚೋ ಅದನ್ನು ಆಯ್ದುಕೊಳ್ಳುವ ವಿಚಾರ ಮಾಡಬಹುದು. ಉದಾಹರಣೆಗೆ, ಶೇ. 50ರಷ್ಟು ವೈಕಲ್ಯವುಳ್ಳ ಕೃಷಿ ಕಾರ್ಮಿಕರೊಬ್ಬರಿಗೆ 65 ತುಂಬಿದರೆ, 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ರೂ. 1,200 ಅವರ ರೂ. 800ಕ್ಕಿಂತ ಅಧಿಕ. ಹೊಸದಕ್ಕೆ ಅರ್ಹತೆ ಖಚಿತವಾಗುವ ಮುನ್ನ ಇರುವುದನ್ನು ಬಿಟ್ಟುಕೊಡಬಾರದು, ಅಷ್ಟೇ.

ಆದಾಯದ ಮಿತಿಯೆಂಬ ತೊಡಕು

ಕುಟುಂಬದ ವಾರ್ಷಿಕ ಆದಾಯ ರೂ. 32,000 ಮೀರಿರಬಾರದು ಎಂಬುದು ರಾಜ್ಯದ ಷರತ್ತು. ಅನೇಕ ಅರ್ಜಿಗಳು ಎಡವುವುದು ಇಲ್ಲಿಯೇ. ಲೆಕ್ಕ ಸರಳವಾಗಿದೆ: 2025-26ರಲ್ಲಿ ರಾಜ್ಯಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ ರೂ. 370. ಕುಟುಂಬವೊಂದು ಕಾನೂನು ಕೊಟ್ಟಿದ್ದ 100 ದಿನಗಳನ್ನು ಪೂರ್ತಿ ದುಡಿದಿದ್ದರೆ ಕೈಗೆ ಬರುತ್ತಿದ್ದುದು ರೂ. 37,000. ಅಂದರೆ ಸರ್ಕಾರವೇ ಬಡವರಿಗೆಂದು ಗೊತ್ತುಪಡಿಸಿದ ಕೆಲಸವನ್ನು ಪೂರ್ಣವಾಗಿ ಮಾಡಿದ ಕುಟುಂಬ, ಸರ್ಕಾರವೇ ಬಡವರಿಗೆಂದು ಗೊತ್ತುಪಡಿಸಿದ ಮಾಸಾಶನದ ಮಿತಿಯನ್ನು ದಾಟುತ್ತಿತ್ತು.

ಬಿಪಿಎಲ್ ಪಡಿತರ ಚೀಟಿಗೆ ರಾಜ್ಯದಲ್ಲಿ ವಾರ್ಷಿಕ ರೂ. 1.20 ಲಕ್ಷದ ಮಿತಿಯಿದೆ. ಆದುದರಿಂದ ಪಡಿತರ ಚೀಟಿ ಇದೆಯೆಂದ ಮಾತ್ರಕ್ಕೆ ಮಾಸಾಶನದ ಆದಾಯ ಮಿತಿಯೊಳಗೆ ಇದ್ದೇವೆ ಎಂದು ತಿಳಿಯಬಾರದು. ಎರಡೂ ಬೇರೆ ಬೇರೆ ದಾಖಲೆಗಳು, ಬೇರೆ ಬೇರೆ ಮಿತಿಗಳು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದಲೇ ಪಡೆಯಬೇಕು. ಅದರ ಅವಧಿ ಐದು ವರ್ಷ. ಅದರ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಮಾಸಾಶನದ ಅರ್ಜಿಗೆ ಜೋಡಿಸಲಾಗುತ್ತದೆ. ಹಿಂದೆ ಬೇರೆ ಕಾರಣಕ್ಕೆ, ಉದಾಹರಣೆಗೆ ಮಕ್ಕಳ ಶಾಲೆಗೆಂದು, ಹೆಚ್ಚಿನ ಆದಾಯ ತೋರಿಸಿ ಪಡೆದ ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೆ ಅದೇ ಅಡ್ಡಿಯಾಗಬಹುದು. ಕುಟುಂಬದ ನಿಜವಾದ ಆದಾಯ ಇಳಿದಿದ್ದಲ್ಲಿ ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿ, ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ ಕಾರಣ ವಿವರಿಸಬೇಕು.

ಮೊದಲ ಮೆಟ್ಟಿಲು: ಯುಡಿಐಡಿ ಕಾರ್ಡ್

ಹಿಂದೆ ಜಿಲ್ಲಾ ಆಸ್ಪತ್ರೆಯ ವೈದ್ಯರು ಕೈಬರಹದಲ್ಲಿ ಕೊಡುತ್ತಿದ್ದ ಪ್ರಮಾಣಪತ್ರಗಳ ಕಾಲ ಮುಗಿದಿದೆ. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಕೇಂದ್ರದ ಸ್ವಾವಲಂಬನ್ ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಅಲ್ಲಿ ದೊರೆಯುವ ವಿಶಿಷ್ಟ ಗುರುತಿನ ಸಂಖ್ಯೆಯೇ ಯುಡಿಐಡಿ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮೊದಲು ಧಾರವಾಡದಲ್ಲಿ ಮಾಡಿಸಿದ ಹಳೆಯ ಚೀಟಿಯನ್ನು ಇಂದಿಗೂ ಜತನವಾಗಿ ಇಟ್ಟುಕೊಂಡಿರುವ ಹಿರಿಯರು ಅದನ್ನು ಎಸೆಯಬೇಕಾಗಿಲ್ಲ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ನೋಂದಣಿಯನ್ನು ಮನೆಯಿಂದಲೇ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಚಿಕಿತ್ಸೆಯ ಹಳೆಯ ಕಾಗದಗಳು ಬೇಕು. ನಂತರ ಸೂಚಿತ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಮೂರೂ ತಾಲ್ಲೂಕುಗಳಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಯೇ ಮುಖ್ಯ ಕೇಂದ್ರ. ಮಾನಸಿಕ ಅಸ್ವಸ್ಥತೆ ಮತ್ತು ಬೌದ್ಧಿಕ ವೈಕಲ್ಯದ ವಿಷಯದಲ್ಲಿ ಹೆಚ್ಚಿನ ಪರೀಕ್ಷೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಇತರ ಸಂಕೀರ್ಣ ಪ್ರಕರಣಗಳಲ್ಲಿ ಹುಬ್ಬಳ್ಳಿಯ ಕಿಮ್ಸ್ ಈ ಭಾಗದವರಿಗೆ ಪರಿಚಿತ. 2024ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಅರ್ಜಿ ಬಂದ ಮೂರು ತಿಂಗಳೊಳಗೆ ವೈದ್ಯಕೀಯ ಪ್ರಾಧಿಕಾರ ಪ್ರಮಾಣಪತ್ರ ನೀಡಬೇಕು. ಹಿಂದೆ ಈ ಅವಧಿ ಒಂದು ತಿಂಗಳಿತ್ತು.

ಕಾರ್ಡಿನ ಬಣ್ಣದಿಂದಲೇ ವೈಕಲ್ಯದ ಪ್ರಮಾಣ ತಿಳಿಯುತ್ತದೆ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, ಶೇ. 40ರಿಂದ 79ರವರೆಗೆ ಹಳದಿ, ಶೇ. 80 ಮತ್ತು ಮೇಲ್ಪಟ್ಟು ನೀಲಿ. ಬಿಳಿ ಕಾರ್ಡ್ ಬಂದವರಿಗೆ ಮಾಸಾಶನವಿಲ್ಲ. ಹಳದಿ ಕಾರ್ಡಿನೊಳಗೆ ಶೇ. 75ರ ಗೆರೆಯೊಂದು ಅಡಗಿದೆ ಎಂಬುದನ್ನು ಮರೆಯಬಾರದು. ಶೇ. 74 ಮತ್ತು ಶೇ. 75ರ ನಡುವಿನ ಅಂತರ ತಿಂಗಳಿಗೆ ರೂ. 600, ವರ್ಷಕ್ಕೆ ರೂ. 7,200.

ಶೇಕಡಾವಾರು ಹೇಗೆ ನಿರ್ಧಾರವಾಗುತ್ತದೆ?

ವೈದ್ಯರು ತಮಗೆ ತೋಚಿದಂತೆ ಅಂಕಿ ಬರೆಯುವುದಿಲ್ಲ. ಇದಕ್ಕಾಗಿ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಲಾಯಿತು. ಜನರಲ್ಲಿ ಹೆಚ್ಚು ನಿರಾಶೆಗೆ ಕಾರಣವಾಗುವುದು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವರ ಪ್ರಕರಣ. 2018ರ ಕೋಷ್ಟಕದಲ್ಲಿ ಒಂದು ಕಣ್ಣು ಸಂಪೂರ್ಣ ಕಾಣದಿದ್ದು ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದು ಶೇ. 30ರ ವೈಕಲ್ಯ. ಅಂದರೆ ಮಾಸಾಶನದ ಗಡಿಯಿಂದ ಹೊರಗೆ. ಇಂತಹ ಪ್ರಕರಣಗಳಲ್ಲಿ ಶೇ. 40 ಬರೆಸಿಕೊಡುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು.

ಬೌದ್ಧಿಕ ವೈಕಲ್ಯಕ್ಕೆ ಅದೇ ಮಾರ್ಗಸೂಚಿ ಮಟ್ಟಗಳನ್ನು ಗೊತ್ತುಪಡಿಸಿತ್ತು: ಸೌಮ್ಯ ಸ್ವರೂಪಕ್ಕೆ ಶೇ. 50, ಮಧ್ಯಮಕ್ಕೆ ಶೇ. 75, ತೀವ್ರಕ್ಕೆ ಶೇ. 90, ಅತಿ ತೀವ್ರಕ್ಕೆ ಶೇ. 100. ಇಲ್ಲಿ ಸೌಮ್ಯ ಮತ್ತು ಮಧ್ಯಮ ಮಟ್ಟಗಳ ನಡುವಿನ ತೀರ್ಮಾನವೇ ಮಾಸಾಶನದ ದರವನ್ನೂ ನಿರ್ಧರಿಸುತ್ತದೆ. ಮಗು ತಾನಾಗಿ ಉಣ್ಣುವುದೇ, ಬಟ್ಟೆ ಹಾಕಿಕೊಳ್ಳುವುದೇ, ಹೊರಗೆ ಹೋಗಿ ಬರುವುದೇ ಎಂಬಂತಹ ದಿನನಿತ್ಯದ ಸಂಗತಿಗಳನ್ನು ಪಾಲಕರು ಕೊಡುವ ಉತ್ತರಗಳಿಂದಲೇ ತಜ್ಞರು ಅಳೆಯುತ್ತಾರೆ. ಮಗುವನ್ನು ಹೆಚ್ಚು ಬಲ್ಲವರು, ಸಾಮಾನ್ಯವಾಗಿ ತಾಯಿ, ತಪಾಸಣೆಗೆ ಜೊತೆಗಿರಬೇಕು. ಸಂಕೋಚದಿಂದ ಎಲ್ಲವನ್ನೂ ಮಾಡುತ್ತದೆ ಎಂದು ಉತ್ತರಿಸಿದರೆ ದಾಖಲಾಗುವುದು ಅದೇ.

ಪ್ರಮಾಣಪತ್ರ ಕಾಯಂ ಆಗಿರಬಹುದು, ಇಲ್ಲವೇ ಗೊತ್ತಾದ ಅವಧಿಯದಾಗಿರಬಹುದು. ಸ್ಥಿತಿ ಸುಧಾರಿಸುವ ಸಾಧ್ಯತೆಯಿದ್ದಾಗ ವೈದ್ಯರು ಮರುಪರೀಕ್ಷೆಯ ದಿನಾಂಕ ನಮೂದಿಸುತ್ತಾರೆ. ಆ ದಿನಾಂಕ ಮೀರಿದರೆ ಮಾಸಾಶನ ನಿಲ್ಲಬಹುದು. ಆದುದರಿಂದ ಅವಧಿ ಮುಗಿಯುವ ಮೂರು ನಾಲ್ಕು ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕುವುದು ಸೂಕ್ತ. ನೀಡಿದ ಶೇಕಡಾವಾರು ಸರಿಯಿಲ್ಲವೆಂದು ಅನಿಸಿದರೆ ಕಾಯ್ದೆಯ 59ನೇ ಕಲಮಿನ ಅನ್ವಯ ಮೇಲ್ಮನವಿಗೆ ಅವಕಾಶವಿದೆ.

ಅರ್ಜಿ ಎಲ್ಲಿ, ಹೇಗೆ?

ಮಾಸಾಶನದ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಸಲ್ಲಿಸಬೇಕು. ಹಾವೇರಿ ತಾಲ್ಲೂಕಿನ ಗುತ್ತಲ, ಕರ್ಜಗಿ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಕುಪ್ಪೇಲೂರು, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಭಾಗದವರು ಇದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಾಗಿಲ್ಲ. ಜೊತೆಗೆ ಕೊಡಬೇಕಾದ ದಾಖಲೆಗಳು ಇಷ್ಟು:

- ಯುಡಿಐಡಿ ಕಾರ್ಡ್ ಮತ್ತು ಅಂಗವೈಕಲ್ಯ ಪ್ರಮಾಣಪತ್ರ
- ಆಧಾರ್ ಕಾರ್ಡ್
- ಪಡಿತರ ಚೀಟಿ
- ಚಾಲ್ತಿಯಲ್ಲಿರುವ ಆದಾಯ ಪ್ರಮಾಣಪತ್ರ
- ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಯ ಪಾಸ್‌ಬುಕ್
- ಭಾವಚಿತ್ರ

ಈ ದಾಖಲೆಗಳಲ್ಲಿ ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇವೆಯೇ ಎಂದು ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ಆಧಾರ್‌ನಲ್ಲಿ ಅಡ್ಡಹೆಸರು ಇದ್ದು ಪಾಸ್‌ಬುಕ್‌ನಲ್ಲಿ ಇಲ್ಲದಿರುವುದು ಈ ಭಾಗದಲ್ಲಿ ಸಾಮಾನ್ಯ. ಮೊದಲು ಸರಿಪಡಿಸುವುದು ಸುಲಭ, ಮಂಜೂರಾದ ಮೇಲೆ ಹಣ ತಡೆಯಾದಾಗ ಸರಿಪಡಿಸುವುದು ಕಷ್ಟ.

ಅರ್ಜಿ ಸ್ವೀಕರಿಸಿದ ಕೂಡಲೇ ಸಕಾಲ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಬೇಕು. ಅದರ ಮೇಲೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ಪರಿಶೀಲನೆಯ ಬಳಿಕ ಮಂಜೂರಾತಿ ಆದೇಶ ಹೊರಡುತ್ತದೆ. ಇದಕ್ಕೆ ಸಕಾಲ ಯೋಜನೆಯಡಿ ಗೊತ್ತುಪಡಿಸಿದ ಅವಧಿ 45 ದಿನ.

ಹೋಗಲಾರದವರು ಯಾರನ್ನು ಕೇಳಬೇಕು?

ಪ್ರತಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕು ಪಂಚಾಯಿತಿಯಲ್ಲಿ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ರಾಜ್ಯದಲ್ಲಿದೆ. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರೇ. ಮನೆಮನೆಗೆ ತೆರಳಿ ಅರ್ಹರನ್ನು ಗುರುತಿಸುವುದು, ಅರ್ಜಿ ತುಂಬಿಸುವುದು, ತಪಾಸಣಾ ಶಿಬಿರದ ದಿನ ತಿಳಿಸುವುದು ಇವರ ಕೆಲಸ. ಮಧ್ಯವರ್ತಿಗಳ ಕೈಗೆ ಸಿಕ್ಕುವ ಮುನ್ನ ಪಂಚಾಯಿತಿ ಕಚೇರಿಯಲ್ಲಿ ಇವರ ಹೆಸರು ವಿಚಾರಿಸಿದರೆ ಅರ್ಧ ಕೆಲಸ ಆದಂತೆ. ಜಿಲ್ಲಾ ಮಟ್ಟದಲ್ಲಿ ಇಲಾಖೆಯ ಹೊಣೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯದ್ದು.

ತಡವಾದರೆ, ತಿರಸ್ಕೃತವಾದರೆ

ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ 2011ರಲ್ಲಿ ರೂಪುಗೊಂಡು 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಗೊತ್ತಾದ ಅವಧಿಯೊಳಗೆ ಸೇವೆ ದೊರೆಯದಿದ್ದರೆ ಅಥವಾ ಸಕಾರಣವಿಲ್ಲದೆ ಅರ್ಜಿ ತಿರಸ್ಕೃತವಾದರೆ ಜಿಎಸ್‌ಸಿ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು. ತಹಶೀಲ್ದಾರರ ಕಚೇರಿಯ ಸೇವೆಗಳಿಗೆ ಮೊದಲ ಮೇಲ್ಮನವಿ ಉಪವಿಭಾಗಾಧಿಕಾರಿಯ ಬಳಿ. ಈ ಮೂರೂ ತಾಲ್ಲೂಕುಗಳು ಹಾವೇರಿ ಉಪವಿಭಾಗಕ್ಕೆ ಸೇರಿವೆ. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಪರಿಹಾರದ ಮೊತ್ತಕ್ಕಿಂತ ಮುಖ್ಯವಾದುದು ಕಡತ ಎಲ್ಲಿ ನಿಂತಿದೆ ಎಂಬುದಕ್ಕೆ ಸಿಗುವ ಲಿಖಿತ ಉತ್ತರ. ಸ್ವೀಕೃತಿ ಪತ್ರವಿಲ್ಲದೆ, ಬಾಯಿಮಾತಿನಲ್ಲಿ ಕೊಟ್ಟ ಅರ್ಜಿಗೆ ಈ ಯಾವ ರಕ್ಷಣೆಯೂ ಇಲ್ಲ.

ಹೋಬಳಿ ಮಟ್ಟದಲ್ಲಿ ನಡೆಯುವ ಪಿಂಚಣಿ ಅದಾಲತ್‌ಗಳು ಇನ್ನೊಂದು ದಾರಿ. ತಹಶೀಲ್ದಾರರೇ ಹಾಜರಿರುವುದರಿಂದ ಸಣ್ಣಪುಟ್ಟ ಲೋಪಗಳು ಅಲ್ಲಿಯೇ ಇತ್ಯರ್ಥವಾಗಲು ಸಾಧ್ಯ. ಹಕ್ಕು ನಿರಾಕರಣೆಯಂತಹ ಗಂಭೀರ ದೂರುಗಳನ್ನು ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಕಳುಹಿಸಬಹುದು. ನ್ಯಾಯಾಲಯದ ಮೆಟ್ಟಿಲೇರಬೇಕಾದ ಸಂದರ್ಭ ಬಂದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುತ್ತದೆ. ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬೇಕು.

ಬರುತ್ತಿದ್ದ ಹಣ ನಿಂತರೆ

ಹಿಂದೆ ಅಂಚೆಯಣ್ಣ ಮನೀ ಆರ್ಡರ್ ತಂದು ಕೈಗೆ ಹಣ ಎಣಿಸುತ್ತಿದ್ದ. ಇಂದು ಆಧಾರ್ ಆಧಾರಿತ ನೇರ ಜಮೆಯ ಮೂಲಕ ಹಣ ಖಾತೆಗೆ ಬರುತ್ತದೆ. ಇದರಿಂದ ಸೋರಿಕೆ ತಗ್ಗಿತು, ಆದರೆ ಹೊಸ ತೊಡಕುಗಳೂ ಹುಟ್ಟಿಕೊಂಡವು. ಆಧಾರ್ ಸಂಖ್ಯೆ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಸಾಲಕ್ಕೋ ಬೇರೆ ಯೋಜನೆಗೋ ಹೊಸ ಖಾತೆ ತೆರೆದವರ ಮಾಸಾಶನ ಹಳೆಯ ಪಾಸ್‌ಬುಕ್‌ನಲ್ಲಿ ಕಾಣಿಸದಿದ್ದರೆ, ಅದು ನಿಂತಿದೆ ಎಂದು ತೀರ್ಮಾನಿಸುವ ಮುನ್ನ ಹೊಸ ಖಾತೆಯನ್ನೂ ನೋಡಬೇಕು.

ವರ್ಷಕ್ಕೊಮ್ಮೆ ನಡೆಯುವ ಭೌತಿಕ ಪರಿಶೀಲನೆಯ ವೇಳೆ ಫಲಾನುಭವಿ ಊರಿನಲ್ಲಿ ಇಲ್ಲದಿರುವುದು, ಪ್ರಮಾಣಪತ್ರದ ಅವಧಿ ಮುಗಿದಿರುವುದು, ಬಹುಕಾಲ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿರುವುದು ಹಣ ನಿಲ್ಲಲು ಇತರ ಕಾರಣಗಳು. ಬ್ಯಾಂಕಿನಲ್ಲಿ ಆಧಾರ್ ಜೋಡಣೆ, ನಾಡಕಚೇರಿಯಲ್ಲಿ ಮಾಸಾಶನದ ಸ್ಥಿತಿ ಈ ಎರಡನ್ನೂ ಈ ಕ್ರಮದಲ್ಲಿಯೇ ವಿಚಾರಿಸಿದರೆ ಓಡಾಟ ಕಡಿಮೆಯಾಗುತ್ತದೆ. ಕುಷ್ಠದಿಂದ ಅಥವಾ ಅಪಘಾತದಿಂದ ಬೆರಳಚ್ಚು ಕಳೆದುಕೊಂಡವರು ಆಧಾರ್ ಕೇಂದ್ರದಲ್ಲಿ ಕಣ್ಣಿನ ಪಾಪೆಯ ಗುರುತನ್ನು ದಾಖಲಿಸಿಕೊಳ್ಳಬಹುದು.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯವುಳ್ಳ ಮಗನಿಗೋ ಮಗಳಿಗೋ 18 ತುಂಬಿದಾಗ ತಂದೆ ತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕತ್ವದ ಆದೇಶ ಪಡೆದರೆ ಬ್ಯಾಂಕ್ ಖಾತೆ ನಡೆಸಲು ತೊಂದರೆಯಾಗದು. ಇದೇ ನಾಲ್ಕು ವರ್ಗಗಳಿಗೆ ರೂ. 1 ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆಯೂ ಲಭ್ಯ.

ಮಾಸಾಶನದ ಹೊರತಾದ ನೆರವುಗಳು

ಆದಾಯ ಮಿತಿ ಮೀರಿ ಮಾಸಾಶನ ದೊರೆಯದವರೂ ಯುಡಿಐಡಿ ಕಾರ್ಡನ್ನು ಮಾಡಿಸಿಕೊಳ್ಳುವುದು ಲಾಭದಾಯಕ. ಕಾರಣ, ಉಳಿದ ಅನೇಕ ಸೌಲಭ್ಯಗಳಿಗೆ ಮಿತಿ ಬೇರೆ, ಕೆಲವಕ್ಕೆ ಮಿತಿಯೇ ಇಲ್ಲ.

ಬಸ್ ಪಾಸ್: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವಾರ್ಷಿಕ ರಿಯಾಯಿತಿ ಪಾಸಿಗೆ ಇತ್ತೀಚಿನ ವರ್ಷಗಳಲ್ಲಿ ರೂ. 660 ಪಡೆಯಲಾಗಿದೆ. ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಅದು ಚಲಿಸುತ್ತದೆ. ಹಾವೇರಿಯವರಿಗೆ ಹುಬ್ಬಳ್ಳಿಯ ಆಸ್ಪತ್ರೆಗಳು, ರಾಣೆಬೆನ್ನೂರಿನವರಿಗೆ ದಾವಣಗೆರೆಯ ಆಸ್ಪತ್ರೆಗಳು ಈ ವ್ಯಾಪ್ತಿಯೊಳಗಿವೆ. ಅರ್ಜಿ ಸೇವಾಸಿಂಧು ಮೂಲಕ. ಅಂಧರಿಗೆ ಉಚಿತ ಪಾಸ್ ಇದೆ. ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅನ್ವಯಿಸುತ್ತದೆ.

ರೈಲು: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ-ಬೆಂಗಳೂರು ಮಾರ್ಗದ ನಿಲ್ದಾಣಗಳು. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಹಲವು ದರ್ಜೆಗಳಲ್ಲಿ ಶೇ. 75ರ ರಿಯಾಯಿತಿಯಿದ್ದು, ಜೊತೆಗಾರರಿಗೂ ಅದು ಸಿಗುತ್ತದೆ. ಇದಕ್ಕೆ ರೈಲ್ವೆಯ ಪ್ರತ್ಯೇಕ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು.

ವಿದ್ಯಾರ್ಥಿವೇತನ: 9ನೇ ತರಗತಿಯಿಂದ ಮೇಲ್ಪಟ್ಟ ಅಂಗವಿಕಲ ವಿದ್ಯಾರ್ಥಿಗಳಿಗೆ ಕೇಂದ್ರದ ವಿದ್ಯಾರ್ಥಿವೇತನವಿದೆ. ಮೆಟ್ರಿಕ್ ಪೂರ್ವ ಹಾಗೂ ನಂತರದ ಹಂತಗಳಿಗೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ ರೂ. 2.5 ಲಕ್ಷ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ.

ಸ್ಥಳೀಯ ಸಂಸ್ಥೆಗಳ ನಿಧಿ: ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ಅಂಗವಿಕಲರಿಗಾಗಿ ವಿನಿಯೋಗಿಸಬೇಕು. ಹಾವೇರಿ, ರಾಣೆಬೆನ್ನೂರು ನಗರಸಭೆಗಳಿಗೂ ಬ್ಯಾಡಗಿ ಪುರಸಭೆಗೂ ಇದು ಅನ್ವಯ. ವರ್ಷದ ಆರಂಭದಲ್ಲಿಯೇ ಅರ್ಜಿ ಕೊಟ್ಟವರಿಗೆ ಈ ನಿಧಿಯಿಂದ ಸಾಧನ ಸಲಕರಣೆ ಅಥವಾ ವೈದ್ಯಕೀಯ ನೆರವು ದೊರೆಯುವ ಸಂಭವ ಹೆಚ್ಚು.

ಆರೈಕೆದಾರರ ಭತ್ಯೆ: ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ರೂ. 1,000 ನೀಡುವುದನ್ನು ರಾಜ್ಯದ 2024-25ರ ಮುಂಗಡಪತ್ರದಲ್ಲಿ ಘೋಷಿಸಲಾಗಿದೆ. ಅರ್ಹರು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು.

ತೆರಿಗೆ ವಿನಾಯಿತಿ: ಸಂಬಳದಾರರಿಗೆ, 1961ರ ಆದಾಯ ತೆರಿಗೆ ಕಾಯ್ದೆಯ 80ಯು ಮತ್ತು 80ಡಿಡಿ ಎಂದು ಪರಿಚಿತವಾದ ಕಡಿತಗಳು ಶೇ. 40ರಿಂದ ರೂ. 75,000, ಶೇ. 80ರಿಂದ ರೂ. 1.25 ಲಕ್ಷ. ಮೊದಲನೆಯದು ಸ್ವತಃ ಅಂಗವಿಕಲರಾದವರಿಗೆ, ಎರಡನೆಯದು ಅವಲಂಬಿತರನ್ನು ಪೋಷಿಸುವವರಿಗೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಇವು ಸಿಗುತ್ತವೆ.

ದಯೆಯೋ, ಹಕ್ಕೋ?

2016ರ ಕಾಯ್ದೆಯ 24ನೇ ಕಲಮು ಸಾಮಾಜಿಕ ಭದ್ರತೆಯ ಕುರಿತು ಮಹತ್ವದ ಮಾತೊಂದನ್ನು ಹೇಳುತ್ತದೆ. ಇತರರಿಗಿರುವ ಅದೇ ಬಗೆಯ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂಬುದೇ ಆ ಮಾತು. ಸಂಧ್ಯಾ ಸುರಕ್ಷಾದ ರೂ. 1,200ನ್ನು ಅಳತೆಗೋಲಾಗಿ ಹಿಡಿದರೆ ಅಂಗವಿಕಲರ ಮಾಸಾಶನ ರೂ. 1,500 ಆಗಬೇಕಿತ್ತು. ಶೇ. 40ರಿಂದ 74ರವರೆಗಿನವರಿಗೆ ಸಿಗುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಶೇ. 75 ದಾಟಿದವರ ರೂ. 1,400 ಕೂಡ ಆ ಅಳತೆಗೆ ನೂರು ರೂಪಾಯಿ ಕಡಿಮೆ. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಪದಗಳೂ ಅದೇ ಕಲಮಿನಲ್ಲಿರುವುದರಿಂದ ಸರ್ಕಾರಗಳಿಗೆ ಉತ್ತರ ಹೇಳಲು ಅವಕಾಶವಿದೆ. ಆದರೆ ರೂ. 32,000ದ ಆದಾಯ ಮಿತಿ ಮತ್ತು ಶೇ. 25ರ ಹೆಚ್ಚುವರಿ ನೆರವು ಇವೆರಡನ್ನೂ ಪರಿಶೀಲಿಸದೆ ಕಾಯ್ದೆಯ ಆಶಯ ಈಡೇರಿತೆಂದು ಹೇಳುವಂತಿಲ್ಲ.

ಸುಳ್ಳು ದಾಖಲೆ ನೀಡಿ ಸೌಲಭ್ಯ ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ರೂ. 1 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯ 91ನೇ ಕಲಮಿನಲ್ಲಿ ಅವಕಾಶವಿದೆ. ಅರ್ಹರಿಗೆ ತಲುಪಬೇಕಾದುದು ಅನರ್ಹರ ಪಾಲಾಗದಿರಲಿ ಎಂಬುದು ಇದರ ಉದ್ದೇಶ. ಅಷ್ಟೇ ಮುಖ್ಯವಾದುದು ಅರ್ಹರು ತಿಳಿವಳಿಕೆಯ ಕೊರತೆಯಿಂದ ಹಿಂದುಳಿಯದಿರುವುದು. ಓದು ಬಲ್ಲವರು, ಪೇಟೆಯಲ್ಲಿ ನೆಲೆಸಿದವರು ಊರಿನ ತಮ್ಮ ಬಂಧುಗಳ ಮನೆಯಲ್ಲಿ ಯುಡಿಐಡಿ ಕಾರ್ಡ್ ಆಗಿದೆಯೇ, ಪ್ರಮಾಣಪತ್ರದ ಅವಧಿ ಎಂದಿಗೆ ಮುಗಿಯುತ್ತದೆ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬ ಮೂರು ಸಂಗತಿಗಳನ್ನು ಒಮ್ಮೆ ವಿಚಾರಿಸಿದರೂ ಅನೇಕ ತಿಂಗಳುಗಳ ಅಲೆದಾಟ ತಪ್ಪುತ್ತದೆ.